ಗುಂಡಿ ಒತ್ತಿದರೆ ಯಾರ ಫೋನ್ ರಿಂಗ್ ಆಗುತ್ತದೆ?

ಮಲ್ಪೆ ಬಂದರಿನಲ್ಲಿ ನನ್ನದು ಬೋಟುಗಳ ಎಲೆಕ್ಟ್ರಾನಿಕ್ಸ್ ಕೆಲಸ. ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ಕೂರಿಸುವುದು, ಉಪ್ಪು ತಿಂದ ವಯರು ಬದಲಿಸುವುದು. ಜೂನ್, ಜುಲೈ ಮೀನುಗಾರಿಕೆಗೆ ರಜೆ. ನಮಗೆ ಊಟಕ್ಕೂ ಪುರುಸೊತ್ತಿಲ್ಲದ ಕೆಲಸ ಆಗಲೇ.

ಆ ಎರಡು ತಿಂಗಳಲ್ಲಿ ಒಬ್ಬರಾದರೂ ಬಂದು ಕೇಳುತ್ತಾರೆ. "ಒಂದು ಸ್ಯಾಟಲೈಟ್ ಫೋನ್ ಹಾಕಿಕೊಡಿ ಮಾರಾಯ್ರೆ. ಭಾವ ದುಬೈಯಿಂದ ತರ್ತಾರಂತೆ."

ತರಿಸಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಥುರಾಯಾ, ಇರಿಡಿಯಂ ಫೋನುಗಳನ್ನು ಅನುಮತಿ ಇಲ್ಲದೆ ಇಲ್ಲಿ ಇಟ್ಟುಕೊಂಡರೆ ಕೇಸು. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಮೀನಿನ ಬೋಟು ಹಿಡಿದೇ ಬಂದಿದ್ದರು, ಅವರ ಹತ್ತಿರ ಸ್ಯಾಟಲೈಟ್ ಫೋನೂ ಇತ್ತು. ಆಮೇಲೆ ಕಡಲಲ್ಲಿ ಇಂಥ ಫೋನು ಸಿಕ್ಕರೆ ಯಾರೂ ಸುಮ್ನೆ ಬಿಡುವುದಿಲ್ಲ. ಚಾರಣಕ್ಕೆ ಬಂದ ವಿದೇಶಿಯರು ಉಪಗ್ರಹದ ಮೂಲಕ ಸಂದೇಶ ಕಳಿಸುವ, ಅಂಗೈಯಷ್ಟು ಗಾರ್ಮಿನ್ ಇನ್‌ರೀಚ್ ಯಂತ್ರ ಇಟ್ಟುಕೊಂಡು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಫೋನೇ ಬೇಕು ಅಂದರೆ ಬಿಎಸ್‌ಎನ್‌ಎಲ್ ಮೂಲಕ ಇನ್‌ಮಾರ್‌ಸ್ಯಾಟ್ ಫೋನಿಗೆ ಅರ್ಜಿ ಹಾಕಬೇಕು. ಮಾತಿನ ಖರ್ಚು ಕೇಳಿದ ಮೇಲೆ ಹೆಚ್ಚಿನವರು ಚಹಾ ಕುಡಿದು ಎದ್ದು ಹೋಗುತ್ತಾರೆ.

ನಾನೂ ಮೊದಲು ಮಾತಾಡುವ ಸೌಕರ್ಯವನ್ನೇ ದೊಡ್ಡದು ಅಂದುಕೊಂಡಿದ್ದೆ. ಒಂದು ರಾತ್ರಿ ಆ ಲೆಕ್ಕ ತಪ್ಪಿತು.

ನಾನೇ ಎಲ್ಲ ಸಾಮಾನು ಕೂರಿಸಿದ್ದ ಆಳಸಮುದ್ರದ ಬೋಟು ಅದು. ಪ್ರೊಪೆಲ್ಲರ್‌ಗೆ ಬಲೆ ಸುತ್ತಿಕೊಂಡು ನಿಂತಿತ್ತು. ಬಿಡಿಸಲು ಒದ್ದಾಡುತ್ತಿರುವಾಗಲೇ ಎಂಜಿನ್ ರೂಮಿಗೆ ನೀರು ನುಗ್ಗಿತು. ಬ್ಯಾಟರಿ ಇರುವುದೂ ಅಲ್ಲೇ. ಬ್ಯಾಟರಿ ಮುಳುಗಿದ್ದೇ ವೈರ್‌ಲೆಸ್, ಜಿಪಿಎಸ್, ಲೈಟು ಎಲ್ಲ ಒಟ್ಟಿಗೆ ಸತ್ತವು. ವೈರ್‌ಲೆಸ್ ಬದುಕಿದ್ದರೂ 20–30 ಕಿಲೋಮೀಟರ್ ಒಳಗೆ ಇನ್ನೊಂದು ಬೋಟು ಇದ್ದರಷ್ಟೇ ಉಪಯೋಗ. ಉಳಿದದ್ದು ಸ್ವಂತ ಬ್ಯಾಟರಿ ಇದ್ದ ಡ್ಯಾಟ್ ಒಂದೇ. ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್, ಇಸ್ರೋ ಮೀನುಗಾರರಿಗೆಂದೇ ಮಾಡಿದ್ದು, 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಬೋಟಿನ ಗುರುತು, ನಿಂತಿರುವ ಜಾಗ ಎರಡೂ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತವೆ. ಕಡಲೇ ಇಲ್ಲದ ಊರಿಗೆ! ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ.

ತಂಡೇಲ, ಅಂದರೆ ಬೋಟು ನಡೆಸುವವರು, ಒತ್ತಿದರು. ಸಂದೇಶ ಹೋಯಿತು. ಕೋಸ್ಟ್ ಗಾರ್ಡ್‌ನವರು ನೋಂದಣಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಎತ್ತಿದವರು ಹಳೆಯ ಧಣಿ.

"ನನ್ನ ಬೋಟಾ? ಅದನ್ನು ಮಾರಿ ಎರಡು ವರ್ಷ ಆಯ್ತಲ್ಲ!"

ಒಳಗೆ ಎಷ್ಟು ಜನ, ಯಾವ ಬಣ್ಣ, ಯಾವಾಗ ಹೊರಟದ್ದು, ಅವರಿಗೆ ಒಂದೂ ಗೊತ್ತಿಲ್ಲ. ಅವರ ಕಾಲದಲ್ಲಿ ನೀಲಿ ಇದ್ದ ಬೋಟಿಗೆ ಈಗ ಹಸಿರು ಬಣ್ಣ. ಈಗಿನ ಧಣಿಯನ್ನು ಹುಡುಕಿ ಹಿಡಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಆಚೆ ಬೋಟಿನಲ್ಲಿ ಬಕೆಟ್ ಹಿಡಿದು ನೀರು ಎತ್ತುತ್ತಿದ್ದವರಿಗೆ ಇದ್ಯಾವುದೂ ಗೊತ್ತಿಲ್ಲ. ಆ ಡ್ಯಾಟ್‌ಗೆ ಉತ್ತರ ಬರುವ ವ್ಯವಸ್ಥೆ ಇರಲಿಲ್ಲ. "ಒತ್ತಿದ್ದು ಹೋಯ್ತಾ ಇಲ್ವಾ ಅಂತಲೇ ಗೊತ್ತಾಗ್ಲಿಲ್ಲ. ಅದೇ ಹೆದರಿಕೆ ಜಾಸ್ತಿ ಆದದ್ದು" ಅಂತ ತಂಡೇಲ ಆಮೇಲೆ ನನ್ನ ಹತ್ತಿರ ಹೇಳಿದರು. ಬೆಳಗಿನ ಜಾವ ಇನ್ನೊಂದು ಬೋಟು ಹೋಗಿ ಎಳೆದು ತಂದಿತು. ಎಲ್ಲರೂ ಬದುಕಿದರು.

ತಪ್ಪು ನನ್ನದು. ಬೋಟು ಕೈ ಬದಲಾದಾಗ ಡ್ಯಾಟ್ ಒರೆಸಿ, ಬ್ಯಾಟರಿ ನೋಡಿ, ಹೊಸ ಕ್ಲಾಂಪ್ ಹಾಕಿ ದುಡ್ಡು ಎಣಿಸಿಕೊಂಡವನು ನಾನೇ. ನೋಂದಣಿ ಯಾರ ಹೆಸರಲ್ಲಿದೆ ಅಂತ ಕೇಳಿರಲಿಲ್ಲ.

ಈಗ ಯಾರು ಬಂದರೂ ಯಂತ್ರದ ಬೆಲೆ ಹೇಳುವ ಮೊದಲು ನಾನು ಕೇಳುವುದು, ನೀವು ಒತ್ತಿದಾಗ ಆ ಕಡೆ ಯಾರಿಗೆ ಕೇಳಬೇಕು ಅಂತ. ಮನೆಯವರ ಹತ್ತಿರ ಮಾತಾಡಬೇಕೋ, ಕಾಪಾಡುವವರಿಗೆ ಸುದ್ದಿ ಮುಟ್ಟಬೇಕೋ? ಎರಡೂ ಬೇರೆ ಬೇರೆ ಯಂತ್ರ. ಐಫೋನಿನಲ್ಲಿ ಸ್ಯಾಟಲೈಟ್ ಎಸ್‌ಒಎಸ್ ಉಂಟಲ್ಲ ಅಂತ ಹುಡುಗರು ತೋರಿಸುತ್ತಾರೆ. 2022ರಲ್ಲಿ ಬಂದದ್ದು ನಿಜ, ಆದರೆ ಇಲ್ಲಿ ಆ ಸೇವೆ ಇಲ್ಲ. ಬೋಟು ಮಗುಚಿ ಗುಂಡಿ ಒತ್ತಲೂ ಆಗದ ಸ್ಥಿತಿ ಬಂದರೆ ಎಂಬ ಹೆದರಿಕೆ ಇದ್ದವರಿಗೆ ಎಪಿರ್ಬ್ ಹೇಳುತ್ತೇನೆ, ಅಂದರೆ ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಯಂತ್ರ. ತಾನಾಗಿ ಬಿಡಿಸಿಕೊಳ್ಳುವ ಮಾದರಿಯದ್ದು ಬೋಟು ಮುಳುಗಿದಾಗ ನೀರಿನ ಒತ್ತಡಕ್ಕೆ ಕಳಚಿ ಮೇಲೆ ತೇಲುತ್ತದೆ, 406 ಮೆಗಾಹರ್ಟ್ಸ್‌ನಲ್ಲಿ 48 ಗಂಟೆಯಾದರೂ ಕೂಗುತ್ತಿರುತ್ತದೆ. ಅದನ್ನು ಕ್ಯಾಬಿನ್ ಒಳಗೆ ಕಪಾಟಿನಲ್ಲಿ ಭದ್ರವಾಗಿ ಇಟ್ಟವರನ್ನೂ ನೋಡಿದ್ದೇನೆ. ಮತ್ತೆ ಎಂತ ತೇಲುವುದು?

2018ರ ಡಿಸೆಂಬರ್‌ನಲ್ಲಿ ನಮ್ಮ ಬಂದರಿನಿಂದ ಹೊರಟ ಸುವರ್ಣ ತ್ರಿಭುಜ ಎಂಬ ಮೀನುಗಾರಿಕಾ ಬೋಟು 7 ಜನರೊಂದಿಗೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಎಪಿರ್ಬ್ ಬಗ್ಗೆ ಮಾತಾಡುವಾಗ ಮಲ್ಪೆಯಲ್ಲಿ ಯಾರೂ ಆ ಹೆಸರು ತೆಗೆಯುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಇರುತ್ತದೆ.

ಹೊಸಬರಿಗೆ ಉತ್ತರ ಬರುವ ಯಂತ್ರವನ್ನೇ ಹೇಳುತ್ತೇನೆ. 2024ರಲ್ಲಿ ಬಂದ ಎರಡನೇ ತಲೆಮಾರಿನ ಡ್ಯಾಟ್‌ನಲ್ಲಿ "ನಿಮ್ಮ ಸಂದೇಶ ತಲುಪಿದೆ" ಅಂತ ನಾವಿಕ್, ಅಂದರೆ ನಮ್ಮ ದೇಶದ್ದೇ ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆ, ಮೂಲಕ ವಾಪಸ್ ಬರುತ್ತದೆ. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಬಹುದು. ಕೇಂದ್ರ ಸರ್ಕಾರ 1 ಲಕ್ಷ ದೋಣಿಗಳಿಗೆ ಕೊಡಲು ಹೊರಟ ಟ್ರಾನ್ಸ್‌ಪಾಂಡರ್ ಎಂಬ ಉಪಗ್ರಹ ಸಂಪರ್ಕ ಯಂತ್ರದಲ್ಲೂ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ.

ಯಾವುದೇ ಹಾಕಿದರೂ ಈಗ ನನ್ನ ಹತ್ತಿರ ಒಂದು ಪುಸ್ತಕ ಇದೆ. ಧಣಿಯ ನಂಬರು, ಮನೆಯವರೊಬ್ಬರ ನಂಬರು, ಬೋಟಿನ ಈಗಿನ ಬಣ್ಣ. ಪ್ರತಿ ಜುಲೈಯಲ್ಲಿ ಕೂತು ಒಂದೊಂದಕ್ಕೂ ಫೋನ್ ಮಾಡುತ್ತೇನೆ. ಬದಲಾದದ್ದು ಸಿಕ್ಕರೆ ನೋಂದಣಿ ತಿದ್ದಿಸುವವರೆಗೆ ಬೆನ್ನು ಬಿಡುವುದಿಲ್ಲ. ಕಿರಿಕಿರಿ ಅನ್ನುವವರು ಇದ್ದಾರೆ.

ಆ ಹಳೆಯ ಧಣಿ ಈಗಲೂ ಬಂದರಿಗೆ ಬಂದಾಗ ದೂರದಿಂದಲೇ ಕೈ ಎತ್ತುತ್ತಾರೆ. "ನನ್ನ ಬೋಟು ಇವತ್ತು ಎಲ್ಲಿ ಉಂಟು ಮಾರಾಯ್ರೆ?"