ಐದನೇ ಪೋರ್ಟ್

ತುಮಕೂರು
9 ಫೆಬ್ರವರಿ 2025, ಭಾನುವಾರ

ಮನೆಗೆ ಬಂದಾಗ ಬೆಳಗಿನ ಐದೂವರೆ. ಬಿ.ಎಚ್. ರಸ್ತೆಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಏನೂ ಓಡಾಡುತ್ತಿರಲಿಲ್ಲ. ಮಲಗಿ ಎದ್ದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಎರಡು ವಾರದಿಂದ ಒಂದೇ ದೂರು. ಸಿಟಿ ಸ್ಕ್ಯಾನ್ ಮುಗಿದ ಮೇಲೆ ಚಿತ್ರಗಳು ಸ್ಟೋರೇಜಿಗೆ ಹೋಗಬೇಕು. ಹೆಚ್ಚಿನ ಸಲ ಸರಾಗವಾಗಿ ಹೋಗುತ್ತವೆ. ದಿನಕ್ಕೆ ಏಳೆಂಟು ಸಲ ಮಾತ್ರ ನಡುವೆ ನಿಂತುಬಿಡುತ್ತವೆ. ಸ್ಕ್ಯಾನ್ ರೂಮಿನ ಟೆಕ್ನಿಷಿಯನ್ ಹೇಳಿದ್ದು ಇಷ್ಟೇ: "ಸಾರ್, ಅರ್ಧ ನಿಮಿಷ ಸುಮ್ನೆ ನಿಲ್ಲುತ್ತೆ, ಆಮೇಲೆ ತಾನೇ ಹೋಗುತ್ತೆ." ಆ ಅರ್ಧ ನಿಮಿಷವನ್ನು ನಾನು ಬಾಯಿಮಾತಿನ ಲೆಕ್ಕ ಅಂದುಕೊಂಡಿದ್ದೆ. ಶಿರಾ ಕಡೆಯ ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದವರನ್ನು ರಾತ್ರೋರಾತ್ರಿ ಕರೆತರುತ್ತಾರೆ. ಡಾಕ್ಟರು ಚಿತ್ರಕ್ಕೆ ಕಾಯುತ್ತಾ ನಿಂತಿರುತ್ತಾರೆ. ಆಗ ಅರ್ಧ ನಿಮಿಷ ಅಂದರೆ ಜಾಸ್ತಿಯೇ.

ನಮ್ಮಲ್ಲಿ ಸರ್ವರ್ ಇರುವುದು ಹಳೇ ಕಟ್ಟಡದಲ್ಲಿ, ಸ್ಟೋರೇಜ್ ಹೊಸ ಕಟ್ಟಡದಲ್ಲಿ. ಎರಡೂ ಕಡೆ ಒಂದೊಂದು 16 ಗಿಗಾಬಿಟ್ ಫೈಬರ್ ಚಾನೆಲ್ (ಸರ್ವರನ್ನೂ ಸ್ಟೋರೇಜನ್ನೂ ಜೋಡಿಸುವ ಜಾಲ) ಸ್ವಿಚ್, ನಡುವೆ ಫೈಬರ್ ಕೇಬಲ್. ಇದು ಎ ದಾರಿ. ಇದಕ್ಕೆ ಸಂಬಂಧವೇ ಇಲ್ಲದ ಹಾಗೆ ಬಿ ದಾರಿಯೂ ಒಂದಿದೆ. ರಾತ್ರಿ ಹನ್ನೊಂದಕ್ಕೆ ಹೋದವನು ಮೊದಲು ಬಿ ದಾರಿ ಸರಿಯಾಗಿದೆಯಾ ನೋಡಿ, ಎಲ್ಲ ಓಡಾಟವನ್ನೂ ಅದರ ಮೇಲೆ ಹಾಕಿದೆ. ಇದಕ್ಕೇ ಒಂದು ಗಂಟೆ ಹಿಡಿಯಿತು. ರೋಗಿಗಳ ಚಿತ್ರ ಓಡಾಡುವ ದಾರಿ ಇದು, ಇಲ್ಲಿ ಅವಸರ ಮಾಡಬಾರದು.

ಸ್ವಿಚ್ಚಿನ ತಪ್ಪುಗಳ ಎಣಿಕೆಗಳನ್ನು ಶುಕ್ರವಾರ ಸಂಜೆಯೇ ಸೊನ್ನೆ ಮಾಡಿಟ್ಟಿದ್ದೆ. ಇಲ್ಲದಿದ್ದರೆ ಕಾಣುವ ಅಂಕಿ ನಿನ್ನೆಯದೋ ಹೋದ ವರ್ಷದ್ದೋ ಗೊತ್ತಾಗುವುದಿಲ್ಲ. ಹೊಸ ಕಟ್ಟಡದ ಸ್ವಿಚ್ಚಿನಲ್ಲಿ ಪೋರ್ಟ್ ಎರರ್ ಶೋ ಕಮಾಂಡ್ ಕೊಟ್ಟೆ. ಎರಡು ಕಟ್ಟಡಗಳನ್ನು ಸೇರಿಸುವ ಪೋರ್ಟಿನಲ್ಲಿ ಸಿಆರ್‌ಸಿ ತಪ್ಪುಗಳು, ಅಂದರೆ ದಾರಿಯಲ್ಲಿ ಕೆಟ್ಟುಹೋದ ಡೇಟಾ ತುಣುಕುಗಳು (ಫ್ರೇಮುಗಳು), ಬಂದಿದ್ದವು. ಫೋನಿನಲ್ಲಿದ್ದ ಗೆಳೆಯ ಕೇಳಿದ ಕೂಡಲೇ ಅಂದ: "ನಡುವಿನ ಕೇಬಲ್ಲೇ ಕೆಟ್ಟಿದೆ. ಎರಡೂ ಕಡೆ ಎಸ್‌ಎಫ್‌ಪಿ ಬದಲಾಯಿಸಿ, ಹೊಸ ಕೇಬಲ್ ಎಳೆಸು." ನನಗೂ ಹಾಗೇ ಅನ್ನಿಸಿತ್ತು. (ಎಸ್‌ಎಫ್‌ಪಿ ಅಂದರೆ ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ವಿದ್ಯುತ್ ಸಂಕೇತವಾಗಿಯೂ ಬದಲಿಸುವ, ಪೋರ್ಟಿಗೆ ಚುಚ್ಚುವ ಸಣ್ಣ ತುಂಡು.) ಆದರೆ ಪರೀಕ್ಷೆ ಮಾಡದೆ ಏನನ್ನೂ ಬಿಚ್ಚಬಾರದು ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ.

ಬ್ರೋಕೇಡ್ ಕಂಪನಿಯ ಸ್ವಿಚ್ಚುಗಳಲ್ಲಿ 16 ಗಿಗಾಬಿಟ್ ತಲೆಮಾರಿನಿಂದ ಡಿ-ಪೋರ್ಟ್ ಅಂತ ಒಂದು ಸೌಲಭ್ಯ ಇದೆ. ಪೋರ್ಟನ್ನು ಕೆಲಸದಿಂದ ಬಿಡಿಸಿ, ಎರಡೂ ತುದಿಯಲ್ಲಿ ಡಿ-ಪೋರ್ಟ್ ಮಾಡಿ, ಮತ್ತೆ ಶುರು ಮಾಡಿದರೆ ಪರೀಕ್ಷೆ ತಾನೇ ನಡೆಯುತ್ತದೆ. ಮೊದಲು ವಿದ್ಯುತ್ ಸಂಕೇತ ಈ ಕಡೆಯ ಎಸ್‌ಎಫ್‌ಪಿವರೆಗೆ ಹೋಗಿ ತಿರುಗಿ ಬರುತ್ತದೆ. ಆಮೇಲೆ ಬೆಳಕು ಕೇಬಲ್ ದಾಟಿ, ಆ ಕಡೆಯ ಎಸ್‌ಎಫ್‌ಪಿ ಮುಟ್ಟಿ ಬರುತ್ತದೆ. ಕೊನೆಗೆ ಸ್ವಿಚ್ಚಿನಿಂದ ಸ್ವಿಚ್ಚಿಗೆ ಫ್ರೇಮುಗಳ ಸುರಿಮಳೆ. ಜೊತೆಗೆ ಕೇಬಲ್ಲಿನ ಉದ್ದವನ್ನೂ ಅಳೆದು ಕೊಡುತ್ತದೆ. ಗಾಜಿನೊಳಗೆ ಒಂದು ಮೀಟರ್ ಹೋಗಲು ಬೆಳಕಿಗೆ ಸುಮಾರು 5 ನ್ಯಾನೋಸೆಕೆಂಡ್ ಬೇಕು. ಹೋಗಿ ಬರುವ ಹೊತ್ತು ಗೊತ್ತಾದರೆ ಉದ್ದ ಗೊತ್ತಾದಂತೆಯೇ. ನಮ್ಮದು 60 ಮೀಟರ್ ಹತ್ತಿರ ತೋರಿಸಿತು. ಕೇಬಲ್ ಎಳೆದಾಗ ಬರೆದಿಟ್ಟದ್ದೂ ಅಷ್ಟೇ. ಓಎಂ3 ದರ್ಜೆಯ ಫೈಬರ್ ಕೇಬಲ್ಲಿನಲ್ಲಿ ಈ 16 ಗಿಗಾಬಿಟ್ ವೇಗ 100 ಮೀಟರಿನವರೆಗೆ ನಡೆಯುತ್ತದೆ. ಎಲ್ಲ ಹಂತವೂ ಪಾಸ್. ನಡುವಿನ ಕೇಬಲ್ಲಿನಲ್ಲಿ ಏನೂ ತಪ್ಪಿಲ್ಲ.

ಹಾಗಾದರೆ ಆ ಸಿಆರ್‌ಸಿ ತಪ್ಪುಗಳು ಎಲ್ಲಿಂದ ಬಂದವು? ಪಟ್ಟಿಯನ್ನು ಮತ್ತೆ ತೆರೆದೆ. ಸಿಆರ್‌ಸಿ ಕಾಲಮ್ಮಿನ ಪಕ್ಕದಲ್ಲೇ 'ಜಿ ಇಒಎಫ್' ಅಂತ ಇನ್ನೊಂದಿದೆ. ಅಲ್ಲಿ ಸೊನ್ನೆ ಇತ್ತು. ಮೊದಲ ಸಲ ಅದರ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

ಪ್ರತಿ ಫ್ರೇಮಿನ ಕೊನೆಯಲ್ಲಿ 'ಇಲ್ಲಿಗೆ ಮುಗಿಯಿತು' ಅನ್ನುವ ಗುರುತು ಇರುತ್ತದೆ. ಅದೇ ಇಒಎಫ್. ಈ ಸ್ವಿಚ್ ಫ್ರೇಮು ಪೂರ್ತಿ ಬರುವವರೆಗೆ ಕಾಯುವುದಿಲ್ಲ, ತಲೆ ಬಂದ ಕೂಡಲೇ ಮುಂದಕ್ಕೆ ಕಳಿಸಲು ಶುರು ಮಾಡುತ್ತದೆ. ಸಿಆರ್‌ಸಿ ತಪ್ಪು ಅಂತ ತಿಳಿಯುವಾಗ ತಲೆ ಆಗಲೇ ದಾಟಿ ಹೋಗಿರುತ್ತದೆ. ಅದಕ್ಕೇ ಬಾಲದ ಗುರುತನ್ನು 'ಇದು ಕೆಟ್ಟಿದೆ' ಅಂತ ಬದಲಿಸಿ ಬಿಡುತ್ತದೆ. ಮುಂದಿನ ಸ್ವಿಚ್ ಅದನ್ನು ಸಿಆರ್‌ಸಿ ಕಾಲಮ್ಮಿನಲ್ಲಿ ಎಣಿಸುತ್ತದೆ, ಜಿ ಇಒಎಫ್‌ನಲ್ಲಿ ಎಣಿಸುವುದಿಲ್ಲ. ಬಾಲದ ಗುರುತು ಸರಿಯಾಗಿದ್ದೂ ಕೆಟ್ಟಿರುವ ಫ್ರೇಮುಗಳಿಗೆ ಮಾತ್ರ ಆ ಕಾಲಮ್. ಹೇಮಾವತಿ ನಾಲೆಯ ನೀರು ನಮ್ಮ ಕಡೆ ಕೆಂಪಗೆ ಬಂದರೆ ದಂಡೆ ಕುಸಿದಿರುವುದು ಮೇಲೆಲ್ಲೋ ಅಲ್ವಾ? ಹಾಗೆಯೇ ಇದೂ.

ಲ್ಯಾಪ್‌ಟಾಪ್ ಹಿಡಿದು ಹಳೇ ಕಟ್ಟಡಕ್ಕೆ ಹೋದೆ. ರಾತ್ರಿ ಎರಡು ಗಂಟೆ, ಅಂಗಳದಲ್ಲಿ ಒಳ್ಳೇ ಚಳಿ. ಅಲ್ಲಿಯ ಸ್ವಿಚ್ಚಿನಲ್ಲಿ ಐದನೇ ಪೋರ್ಟ್, ಸ್ಕ್ಯಾನ್ ಸರ್ವರಿನದು. ಸಿಆರ್‌ಸಿ ಎಷ್ಟಿತ್ತೋ ಜಿ ಇಒಎಫ್ ಕೂಡ ಅಷ್ಟೇ ಇತ್ತು. ತಪ್ಪು ಹುಟ್ಟುತ್ತಿದ್ದುದು ಇಲ್ಲೇ. ಎಸ್‌ಎಫ್‌ಪಿ ಶೋ ಕೊಟ್ಟು ಒಳಗೆ ಬರುವ ಬೆಳಕು ನೋಡಿದೆ. ಬೇರೆ ಪೋರ್ಟುಗಳಲ್ಲಿ 500 ಮೈಕ್ರೋವ್ಯಾಟ್ ಆಸುಪಾಸು, ಇದರಲ್ಲಿ 90.

ಕೇಬಲ್ ಕಿತ್ತು ತುದಿಯನ್ನು ಸ್ಕೋಪಿನಲ್ಲಿ ನೋಡಿದೆ. ಗಾಜಿನ ನಡುವೆ ಕರಿ ಕಲೆ, ಸುತ್ತ ಪುಡಿಪುಡಿ. ಬೆಳಕು ಹೋಗುವ ಜಾಗದ ಅಗಲವೇ 50 ಮೈಕ್ರಾನ್. ಅಲ್ಲಿ ಒಂದು ಕಣ ಕೂತರೂ ಸಾಕು. ಎರಡು ವಾರದ ಹಿಂದೆ ಆ ರೂಮಿನಲ್ಲಿ ಹೊಸ ಎಸಿಗಾಗಿ ಗೋಡೆ ಕೊರೆದಿದ್ದರು. ಅದೇ ದಿನ ನಾನು ಈ ಸರ್ವರಿನ ಕೇಬಲ್ಲನ್ನು ಐದನೇ ಪೋರ್ಟಿಗೆ ಬದಲಿಸಿದ್ದೆ. ಚುಚ್ಚುವ ಮೊದಲು ತುದಿಯನ್ನು ನೋಡಿರಲಿಲ್ಲ. ನೋಡಬೇಕಿತ್ತು.

ಒಣ ಕ್ಲೀನರಿನಲ್ಲಿ ಎರಡು ಸಲ ಒರೆಸಿದರೂ ಕಲೆ ಪೂರ್ತಿ ಹೋಗಲಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಮತ್ತೆ ಒಣದರಲ್ಲಿ ಒರೆಸಿದ ಮೇಲೆ ಗಾಜು ಕಣ್ಣಿನ ಹಾಗೆ ತಿಳಿಯಾಗಿ ಕಂಡಿತು. ಎಸ್‌ಎಫ್‌ಪಿ ಬಾಯನ್ನೂ ಸರ್ವರಿನ ಕಡೆಯ ತುದಿಯನ್ನೂ ಸ್ವಚ್ಛ ಮಾಡಿ ಚುಚ್ಚಿದೆ. 480 ಮೈಕ್ರೋವ್ಯಾಟ್! ಆ ಅಂಕಿ ಕಂಡಾಗ ಆದ ಸಂತೋಷವನ್ನು ಹೇಗೆ ಹೇಳಲಿ.

ಆ ಸರ್ವರಿನ ಕಾರ್ಡಿನಲ್ಲಿ ಡಿ-ಪೋರ್ಟ್ ಇಲ್ಲ. ಅದಕ್ಕೇ ಎಣಿಕೆ ಸೊನ್ನೆ ಮಾಡಿ, ಎ ದಾರಿಯೊಂದರಲ್ಲೇ 200 ಜಿಬಿ ಪರೀಕ್ಷಾ ಫೈಲುಗಳನ್ನು ಬರೆಸಿದೆ. ಒಂದೂ ತಪ್ಪು ಬರಲಿಲ್ಲ.

ಫೈಲುಗಳು ಹೋಗುತ್ತಿರುವಾಗ ಸರ್ವರಿನ ಸೆಟ್ಟಿಂಗ್ ತೆರೆದು ನೋಡಿದೆ. ಫೈಬರ್ ಚಾನೆಲ್ ಡಿಸ್ಕುಗಳು ಬಳಸುವ ಕ್ಲಾಸ್ 3 ಅನ್ನುವ ಸಾಗಣೆ ಬಗೆಯಲ್ಲಿ ಕೆಟ್ಟ ಫ್ರೇಮನ್ನು ಜಾಲವೇ ಮತ್ತೆ ಕಳಿಸುವುದಿಲ್ಲ. ಸರ್ವರ್ ಉತ್ತರಕ್ಕೆ ಕಾದು, ಬರದಿದ್ದರೆ ತಾನೇ ಮತ್ತೆ ಕೇಳಬೇಕು. ಲಿನಕ್ಸಿನಲ್ಲಿ ಆ ಕಾಯುವಿಕೆ, ಯಾರೂ ಬದಲಿಸದಿದ್ದರೆ, 30 ಸೆಕೆಂಡ್. ನಮ್ಮದರಲ್ಲೂ 30 ಅಂತಲೇ ಇತ್ತು. ಸ್ಕ್ಯಾನ್ ರೂಮಿನಾಕೆ ಹೇಳಿದ ಅರ್ಧ ನಿಮಿಷ ಅಂದಾಜಲ್ಲ, ಅಳತೆ. ಅವರು ಗಡಿಯಾರ ನೋಡಿಯೇ ಹೇಳಿರಬೇಕು. ನಾಳೆ ಡ್ಯೂಟಿಗೆ ಬಂದಾಗ ಅವರಿಗೆ ಇದನ್ನು ಹೇಳಬೇಕು.

ಬಿ ದಾರಿಯ ತುದಿಗಳನ್ನು ಇನ್ನೂ ನೋಡಿಲ್ಲ. ಅವೂ ಅದೇ ಧೂಳಿನ ರೂಮಿನಲ್ಲಿವೆ. ಈ ತಿಂಗಳು 26ಕ್ಕೆ ಶಿವರಾತ್ರಿ. ಸಿದ್ಧಗಂಗೆಯ ಜಾತ್ರೆಗೆ ಜನ ಸೇರಲು ಶುರುವಾಗುವ ಮೊದಲೇ ಅದನ್ನೂ ಮುಗಿಸಬೇಕು. ಮುಂದಿನ ಶನಿವಾರ ರಾತ್ರಿಗೆ ಒಪ್ಪಿಗೆ ಕೇಳಿ ಈಗಷ್ಟೇ ಮೇಲ್ ಹಾಕಿದೆ.