ಗಿಡ್ಡ ಜೀಪು, ಹಿಂದೆ ಟ್ರೇಲರ್: ಓಲಾಡದೆ ಹೋಗಿ ಬರುವ ದಾರಿ

ಎರಡು ದಿನದ ಕ್ಯಾಂಪಿಂಗ್ ಪ್ರವಾಸ. ಮೊದಲು ಹೆದ್ದಾರಿ, ಆಮೇಲೆ ಗುಡ್ಡದ ಇಳಿಜಾರು, ಕೊನೆಗೆ ಮಣ್ಣಿನ ಹಾದಿ. ಎಳೆಯುವುದು ಮೂರು ಬಾಗಿಲಿನ ಸುಜುಕಿ ಜಿಮ್ನಿ. ಹಿಂದೆ ಇರುವುದು ಸಾಮಾನು ಸೇರಿ 600 ಕಿಲೋ ತೂಗುವ ಒಂದೇ ಆಕ್ಸಲ್‌ನ ಟ್ರೇಲರ್; ಅದಕ್ಕೆ ಸ್ವಂತ ಬ್ರೇಕ್ ಇದೆ. ಎಳೆಯುವ ಶಕ್ತಿಗೇನೂ ಕೊರತೆಯಿಲ್ಲ. ತೊಡಕಿರುವುದು ವೀಲ್‌ಬೇಸ್‌ನಲ್ಲಿ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದಲ್ಲಿ: 2,250 ಮಿ.ಮೀ. ಮಾತ್ರ. ಗಾಡಿ ಗಿಡ್ಡವಾದಷ್ಟೂ ಟ್ರೇಲರ್ ಅಡ್ಡಕ್ಕೆ ತಳ್ಳಿದಾಗ ಅದರ ಹಿಂಭಾಗ ಬೇಗ ತಿರುಗುತ್ತದೆ.

ಹೊರಡುವ ಹಿಂದಿನ ಸಂಜೆಯ ಕೆಲಸ ಮೂಕಿ ಭಾರ ನೋಡುವುದು, ಅಂದರೆ ಹಿಚ್ ಬಾಲ್ (ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದಿರುವ ಕೊಂಡಿಯ ಗುಂಡು) ಮೇಲೆ ಎಷ್ಟು ತೂಕ ಕೂರುತ್ತದೆ ಎಂಬುದು. ಸಮತಟ್ಟಾದ ನೆಲದಲ್ಲಿ ಟ್ರೇಲರ್ ನಿಲ್ಲಿಸಿ ಚಕ್ರಗಳಿಗೆ ಅಡೆ ಕೊಡಬೇಕು. ಮೈತೂಕ ನೋಡುವ ಮೆಷಿನ್ ಮೇಲೆ ಹಿಚ್‌ನಷ್ಟೇ ಎತ್ತರಕ್ಕೆ ಮರದ ದಿಮ್ಮಿ ನಿಲ್ಲಿಸಿ, ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರ್‌ನ ಬಟ್ಟಲು) ಅದರ ಮೇಲೆ ಕೂರುವಂತೆ ಟ್ರೇಲರ್ ಮುಂದಿನ ಪುಟ್ಟ ಚಕ್ರವನ್ನು ಮೇಲೆತ್ತಿದರೆ ತೂಕ ಸಿಗುತ್ತದೆ (ದಿಮ್ಮಿಯದನ್ನು ಕಳೆಯಲು ಮರೆಯಬಾರದು). ಇಲ್ಲಿ ಬೇಕಾದದ್ದು 60 ಕಿಲೋ, ಒಟ್ಟು ತೂಕದ ಶೇ. 10. ಅದಕ್ಕಿಂತ ತೀರಾ ಇಳಿದರೆ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ಹಾಗೆಂದು ಮುಂದಕ್ಕೆ ಹೇರುತ್ತಾ ಹೋಗುವಂತಿಲ್ಲ. ಬಾಲ್ ಹಿಂದಿನ ಆಕ್ಸಲ್‌ನಿಂದ 0.8 ಮೀಟರ್ ಆಚೆಗಿದ್ದರೆ ಈ 60 ಕಿಲೋ ಜಿಮ್ನಿಯ ಮುಂದಿನ ಚಕ್ರಗಳಿಂದ ಸುಮಾರು 21 ಕಿಲೋ ಎತ್ತಿ ಹಿಂದಿನ ಚಕ್ರಗಳ ಮೇಲೆ 81 ಕಿಲೋ ಹೊರಿಸುತ್ತದೆ. ಸ್ಟೀರಿಂಗ್ ಹಗುರಾಗುವುದು ಹೀಗೆ. ಗಾಡಿಯ ಕೈಪಿಡಿಯಲ್ಲಿ ಬರೆದಿರುವ ಗರಿಷ್ಠ ಭಾರವನ್ನು ಮೀರಲೇಬಾರದು.

ಮೆಷಿನ್ ಸರಿಯಾದ ತೂಕ ತೋರಿಸಿತೆಂದ ಮಾತ್ರಕ್ಕೆ ಹೇರಿದ್ದು ಸರಿ ಎನ್ನುವಂತಿಲ್ಲ. ಟೂಲ್ ಪೆಟ್ಟಿಗೆ ಮೂತಿಯಲ್ಲಿ, ಜನರೇಟರ್ ಹಿಂದಿನ ಬಂಪರ್‌ನಲ್ಲಿ ಇಟ್ಟರೂ 60 ಕಿಲೋ ಬರಬಹುದು. ಆದರೆ ಎರಡೂ ತುದಿಯಲ್ಲಿ ಭಾರವಿರುವ ಟ್ರೇಲರ್ ಒಮ್ಮೆ ಓಲಾಡತೊಡಗಿದರೆ ಬೇಗ ನಿಲ್ಲುವುದಿಲ್ಲ. ಭಾರದ್ದೆಲ್ಲ ಆಕ್ಸಲ್‌ನ ನೆತ್ತಿಗೆ, ಸ್ವಲ್ಪ ಮುಂದಕ್ಕೆ, ನೆಲಹಲಗೆಗೆ ಅಂಟಿದಂತೆ ಇರಬೇಕು. ಹಾಸಿಗೆ ಬಟ್ಟೆ ತುದಿಗಳಿಗೆ ಹೋಗಲಿ.

ಎತ್ತರ ಹೆಚ್ಚಿಸುವ ಲಿಫ್ಟ್ ಕಿಟ್ ಹಾಕಿಸಿದ ಗಾಡಿಗಳಲ್ಲಿ ಬಾಲ್ ಕೂಡ ಮೇಲೇರಿರುತ್ತದೆ. ಟ್ರೇಲರ್ ಮೂತಿ ಎತ್ತಿಕೊಂಡು ನಿಂತರೆ ಭಾರ ಹಿಂದಕ್ಕೆ ಸರಿಯುತ್ತದೆ. ಕೆಳಕ್ಕೆ ಇಳಿದಿರುವ ಬಾಲ್ ಮೌಂಟ್ ಹಾಕಿ ಟ್ರೇಲರನ್ನು ಮಟ್ಟಸವಾಗಿ, ಬೇಕಿದ್ದರೆ ಕೂದಲೆಳೆಯಷ್ಟು ಮೂತಿ ತಗ್ಗಿಸಿ ನಿಲ್ಲಿಸಬೇಕು. ಹಿಂಬಾಗಿಲ ಸ್ಟೆಪ್ನಿಗೆ ತಾಗುತ್ತದೆಂದು ಹಿಚ್‌ಗೆ ಉದ್ದದ ಎಕ್ಸ್‌ಟೆನ್ಷನ್ ಹಾಕುವುದುಂಟು. ಅದು ಟ್ರೇಲರ್ ಕೈಗೆ ಇನ್ನಷ್ಟು ಉದ್ದದ ಸನ್ನೆಗೋಲು ಕೊಟ್ಟಂತೆ. ಕಪ್ಲರ್ ಬಾಲ್‌ಗೆ ತಕ್ಕ ಅಳತೆಯದೇ ಆಗಿರಬೇಕು. 2 ಇಂಚಿನ ಕಪ್ಲರ್ 1⅞ ಇಂಚಿನ ಬಾಲ್ ಮೇಲೂ ಕೂತಂತೆ ಕಾಣುತ್ತದೆ, ದಾರಿಯಲ್ಲಿ ಕಳಚಿಕೊಳ್ಳುತ್ತದೆ.

ಹೆದ್ದಾರಿಗೆ ಇಳಿಯುವ ಮೊದಲು, ಟೈರ್ ತಣ್ಣಗಿರುವಾಗಲೇ ಅಳೆದಂತೆ, ಗಾಡಿಯ ಹಿಂದಿನ ಟೈರ್‌ಗಳಲ್ಲಿ ಪೂರ್ತಿ ಲೋಡಿಗೆ ಹೇಳಿರುವಷ್ಟು ಗಾಳಿ ಇರಬೇಕು. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕದ ಗೋಡೆ ಅಡ್ಡಕ್ಕೆ ಬಾಗಿ ಗಾಡಿಯ ಹಿಂಭಾಗವೇ ತೇಲಾಡುತ್ತದೆ. 80ರ ಮೇಲೆ ಓಡಿಸಿ ಗಳಿಸುವುದೇನೂ ಇಲ್ಲ. ಗಂಟೆಗೆ 70 ಕಿ.ಮೀ. ವೇಗದಲ್ಲಿ ಎರಡು ಸಲ ತೂಗಿ ತಾನೇ ನಿಲ್ಲುವ ಟ್ರೇಲರ್ 90ರಲ್ಲಿ ನಿಲ್ಲದೆ ಪ್ರತಿ ತೂಗಿಗೂ ದೊಡ್ಡದಾಗುತ್ತಾ ಹೋಗಬಹುದು. ದೊಡ್ಡ ಬಸ್ಸು ಪಕ್ಕದಿಂದ ಮುಂದೆ ಹೋಗುವಾಗ ಅದರ ಮೂತಿಯ ಗಾಳಿ ಮೊದಲು ಟ್ರೇಲರನ್ನು ಆಚೆ ನೂಕುತ್ತದೆ, ಆಮೇಲೆ ತನ್ನತ್ತ ಸೆಳೆಯುತ್ತದೆ. ಓಲಾಟ ಹುಟ್ಟುವುದು ಬಹುಪಾಲು ಅಲ್ಲೇ.

ಹುಟ್ಟಿತೆಂದುಕೊಳ್ಳಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೇರಕ್ಕೆ ಬಿಗಿಯಾಗಿ ಹಿಡಿಯಬೇಕು, ಅಷ್ಟೇ. ಟ್ರೇಲರ್ ಎಡಕ್ಕೆ ಹೋಯಿತೆಂದು ಸ್ಟೀರಿಂಗ್ ತಿರುಗಿಸಿದರೆ, ಅದು ಕೆಲಸ ಮಾಡುವ ಹೊತ್ತಿಗೆ ಟ್ರೇಲರ್ ಬಲಕ್ಕೆ ಬಂದಿರುತ್ತದೆ. ಓಲಾಟಕ್ಕೆ ನಾವೇ ಕೈಜೋಡಿಸಿದಂತಾಗುತ್ತದೆ. ಕಾಲ್‌ಬ್ರೇಕ್ ಜೋರಾಗಿ ಒತ್ತಿದರೆ ಟ್ರೇಲರ್ ಹಿಂದಿನಿಂದ ನೂಕಿ, ಗಾಡಿಯೂ ಟ್ರೇಲರೂ ಮಡಚುವ ಚಾಕುವಿನಂತೆ ಮಡಚಿಕೊಳ್ಳಬಹುದು. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಗಾಡಿಯೊಳಗಿನ ಬ್ರೇಕ್ ಕಂಟ್ರೋಲರ್‌ನ ಕೈಗುಂಡಿಯಿಂದ ಟ್ರೇಲರ್ ಬ್ರೇಕನ್ನಷ್ಟೇ ಹಾಕಿ, ಅದು ಹಿಂದಕ್ಕೆ ಜಗ್ಗಿ ನೇರವಾಗುತ್ತದೆ. ನೂಕಿದಾಗ ಮಾತ್ರ ಹಿಡಿಯುವ ಓವರ್‌ರನ್ ಬ್ರೇಕ್‌ನಲ್ಲಿ ಈ ಸೌಕರ್ಯವಿಲ್ಲ.

ಇಳಿಜಾರಿನಲ್ಲಿ ಈ ನೂಕಾಟ ಬಿಡುವಿಲ್ಲದೆ ಇರುತ್ತದೆ. ಆದ್ದರಿಂದ ಗೇರ್ ಇಳಿಸಬೇಕಾದದ್ದು ಗುಡ್ಡದ ತುದಿಯಲ್ಲಿ, ಇಳಿಯುತ್ತಾ ಅಲ್ಲ.

ಮಣ್ಣಿನ ಹಾದಿ ಬಂದಾಗ ಟೈರಿನ ಗಾಳಿಯನ್ನು 18 ಪಿಎಸ್‌ಐಗೆ ಇಳಿಸುತ್ತೇವೆ. ಮೂಕಿಗೆ ಫ್ರಿಕ್ಷನ್ ಬಾರ್ (ಉಜ್ಜಾಟದಿಂದ ಓಲಾಟ ತಡೆಯುವ ಸರಳು) ಹಾಕಿದ್ದರೆ ಇಲ್ಲಿ ಬಿಚ್ಚಬೇಕು: ಜಾರುವ ನೆಲದಲ್ಲಿ ಅದು ಗಾಡಿಯನ್ನು ನೇರಕ್ಕೇ ಹಿಡಿದಿಟ್ಟು ತಿರುವಿನಲ್ಲಿ ಮುಂದಿನ ಚಕ್ರ ಜಾರಿಸುತ್ತದೆ, ರಿವರ್ಸ್‌ನಲ್ಲಿ ಬಾಗುತ್ತದೆ. ಹೇರಿಕೆ ಕೆಟ್ಟ ಟ್ರೇಲರ್‌ಗೆ ಈ ಬಾರ್ ಮದ್ದೂ ಅಲ್ಲ. ಓಲಾಟ ಶುರುವಾಗುವ ವೇಗವನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ, ಅಷ್ಟೇ.

ಎಲ್ಲರೂ ಮೈಮರೆಯುವುದು ವಾಪಸ್ಸಿನಲ್ಲಿ. ಆಕ್ಸಲ್‌ನಿಂದ ಅರ್ಧ ಮೀಟರ್ ಮುಂದಿದ್ದ 60 ಲೀಟರ್ ನೀರು ಖಾಲಿ. ಆಕ್ಸಲ್‌ನಿಂದ ಬಾಲ್‌ಗೆ 3 ಮೀಟರ್ ದೂರ. ಹಾಗಾಗಿ ಮೂಕಿಯಿಂದ 10 ಕಿಲೋ ಹೋಯಿತು. ಒದ್ದೆ ಟೆಂಟು, ಕಸದ ಚೀಲ ಸೇರಿ 25 ಕಿಲೋ ಹಿಂಬಾಗಿಲ ಬಳಿ, ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ ಬಿತ್ತು, ಇನ್ನೂ 12.5 ಕಿಲೋ ಹೋಯಿತು. ಉಳಿದದ್ದು 37.5, ಈಗಿನ 565 ಕಿಲೋದ ಶೇ. 7 ಕೂಡ ಇಲ್ಲ. ಅದರ ಮೇಲೆ ಟೈರ್ ಇನ್ನೂ 18ರಲ್ಲೇ ಇದ್ದರೆ, ಹೋಗುವಾಗ ಅಲುಗದ ಟ್ರೇಲರ್ ವಾಪಸ್ಸು ಬರುವಾಗ ಅದೇ 80ರಲ್ಲಿ ಓಲಾಡಬಹುದು. ಡಾಂಬರು ಮುಟ್ಟುವ ಮೊದಲೇ ಟೆಂಟನ್ನೂ ಕಸವನ್ನೂ ಆಕ್ಸಲ್‌ನ ಮುಂದಕ್ಕೆ ತಂದು, ಕಂಪ್ರೆಸರ್ ಹಚ್ಚಿ ಗಾಳಿ ತುಂಬಿ, ಮೆಷಿನ್ ಮೇಲೆ ಮೂಕಿ ಇನ್ನೊಮ್ಮೆ ಕೂರಿಸಿ ನೋಡಬೇಕು. ಗಾಡಿ 4ಎಚ್‌ನಿಂದ (ನಾಲ್ಕು ಚಕ್ರದ ಎಳೆತ) 2ಎಚ್‌ಗೆ (ಎರಡು ಚಕ್ರದ್ದು) ಬರಲಿ. ಮೊದಲ ನಿಲುಗಡೆಯಲ್ಲಿ ಟ್ರೇಲರ್ ಚಕ್ರಗಳ ಎರಡೂ ಹಬ್ (ನಡುಗುಂಬ) ಮೇಲೆ ಎಚ್ಚರದಿಂದ ಕೈಯಿಡಿ: ಒಂದು ಬೆಚ್ಚಗಿದ್ದು ಇನ್ನೊಂದು ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಆ ಕಡೆಯ ಬ್ರೇಕ್ ಕಚ್ಚಿದೆ.