ಬೆಳಿಗ್ಗೆ ಮುಟ್ಟಿ ನೋಡಿದ್ರಾ?

"ಬೆಳಿಗ್ಗೆ ಹೊತ್ತು ಮುಟ್ಟಿ ನೋಡಿದ್ರಾ? ಖಾಲಿ ಇರ್ತಿತ್ತಾ?" ಅಂತ ಡಾಕ್ಟ್ರು ಕೇಳಿದರು.

"ಗೊತ್ತಿಲ್ಲ ಮೇಡಂ. ಸಂಜೆ ಮಾತ್ರ ಚೆನ್ನಾಗಿ ತುಂಬಿರ್ತಿತ್ತು," ಅಂದೆ.

ಮಂಗಳವಾರ ನಡೆದ ಮಾತು ಇಷ್ಟೇ. ಇವತ್ತು ಶನಿವಾರ. ರಾಗಿ ಹಿಟ್ಟು ಜರಡಿ ಹಿಡಿಯುವಾಗ, ಬಟ್ಟೆ ಒಣಹಾಕುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಪ್ರಶ್ನೆ, ಅದೇ ಉತ್ತರ. ಮೂರು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ. ಕೆಂಪಿ ನಮ್ಮ ಮನೆಯಲ್ಲೇ ಮೊಟ್ಟೆಯೊಡೆದು ಬಂದವಳು. ಅವಳು ಕಾಯಿಲೆ ಬೀಳುವ ತನಕ ಅವಳ ಕೊರಳ ಕೆಳಗೆ ಬೆಳಿಗ್ಗೆ ಹೊತ್ತು ಒಂದು ದಿನವೂ ಕೈಯಿಟ್ಟು ನೋಡಿರಲಿಲ್ಲ.

ಶುರುವಾಗಿದ್ದು ಭಾನುವಾರ. ಸಂಜೆ ನುಚ್ಚಕ್ಕಿ ಹಾಕಿದಾಗ ಉಳಿದ ಮೂರೂ ಓಡಿ ಬಂದವು. ಕೆಂಪಿ ಬರಲಿಲ್ಲ. ನುಗ್ಗೆ ಮರದ ಬುಡದಲ್ಲಿ ಮೈ ಉಬ್ಬಿಸಿಕೊಂಡು ಕೂತಿದ್ದಳು. ಕತ್ತನ್ನು ಆಗಾಗ ಹಾವಿನ ಹಾಗೆ ಮುಂದಕ್ಕೆ ಚಾಚಿ, ಏನನ್ನೋ ನುಂಗುವವಳಂತೆ ಒದ್ದಾಡುತ್ತಿದ್ದಳು. ಎತ್ತಿಕೊಂಡು ನೋಡಿದೆ. ಎದೆಯ ಬಲಗಡೆ ಒಂದು ಗಟ್ಟಿ ಉಂಡೆ. ಕಲಸಿ ಮರೆತು ಬಿಟ್ಟ ಚಪಾತಿ ಹಿಟ್ಟು ಒಣಗಿದರೆ ಹೇಗಿರುತ್ತದೋ ಹಾಗೆ. ಒತ್ತಿದರೆ ನನ್ನ ಬೆರಳಿನ ಗುರುತು ಅಲ್ಲೇ ಉಳಿಯಿತು.

ಅದು ಕಾಳಿನ ಚೀಲ. ಡಾಕ್ಟ್ರು ಕ್ರಾಪ್ ಅಂದರು. ಕೋಳಿಗೆ ಹಲ್ಲಿಲ್ಲ, ಅಗಿಯುವ ಮಾತಿಲ್ಲ. ಹೆಕ್ಕಿದ್ದೆಲ್ಲ ಮೊದಲು ಆ ಚೀಲಕ್ಕೆ ಬಂದು ನೆನೆಯುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಇಳಿಯುತ್ತದೆ. ಮುಂದೆ ಗಟ್ಟಿ ಮಾಂಸದ ಇನ್ನೊಂದು ಚೀಲ ಇದೆ. ಕೋಳಿ ಕೊಯ್ಯುವ ಮನೆಯವರಿಗೆಲ್ಲ ಗೊತ್ತು, ಅದನ್ನು ಸೀಳಿದರೆ ಒಳಗೆ ಸಣ್ಣ ಕಲ್ಲು ಸಿಗುತ್ತವೆ. ಕೋಳಿಯ ಬೀಸುವ ಕಲ್ಲು ಅದೇ. ಸಂಜೆ ತುಂಬಿದ ಕಾಳಿನ ಚೀಲ ರಾತ್ರಿಯೆಲ್ಲ ಖಾಲಿಯಾಗುತ್ತಾ ಹೋಗಿ, ಬೆಳಗಾಗುವಷ್ಟರಲ್ಲಿ ಕೈಗೆ ಸಿಗದಷ್ಟು ಸಪಾಟಾಗಬೇಕು. ಹಾಗಾಗದಿದ್ದರೆ ಏನೋ ಕೆಟ್ಟಿದೆ ಅಂತ ಅರ್ಥ. ಇಷ್ಟೂ ನನಗೆ ಗೊತ್ತಾಗಿದ್ದು ಈ ವಾರ.

ಭಾನುವಾರ ನನಗೆ ಹೊಳೆದಿದ್ದು ಒಂದೇ. ಚೀಲ ತುಂಬಿದೆ, ಅಂದ್ರೆ ಚೆನ್ನಾಗಿ ತಿಂದಿದ್ದಾಳೆ. ಸುಮ್ನೆ ಹೆದರುತ್ತಿದ್ದೇನೆ ಅಂದುಕೊಂಡು ಗೂಡಿಗೆ ಬಿಟ್ಟೆ.

ಸೋಮವಾರ ಬೆಳಿಗ್ಗೆಯೂ ಉಂಡೆ ಹಾಗೇ ಇತ್ತು. ಎದುರು ಮನೆ ಅಜ್ಜಿ ಬಂದು ನೋಡಿ, "ಕೊಕ್ಕರೆ ರೋಗ ಇರ್ಬೇಕು ಕಣವ್ವ, ಮಿಕ್ಕಿದ್ದಕ್ಕೂ ಅಂಟ್ತದೆ, ಬೇರೆ ಮುಚ್ಚು" ಅಂದರು. ಅಜ್ಜಿ ಹೇಳಿದ್ದು ತಪ್ಪಲ್ಲ. ರಾಣಿಖೇತ್ ಅಂತಲೂ ಕರೆಯುವ ಆ ರೋಗ ಬಂದ ಮೇಲೆ ಔಷಧಿ ಇಲ್ಲ, ಮೊದಲೇ ಲಸಿಕೆ ಹಾಕಿಸಿರಬೇಕು, ಅಷ್ಟೇ. ಅಜ್ಜಿಯ ಕಾಲದಲ್ಲಿ ಒಂದೇ ವಾರದಲ್ಲಿ ಊರ ಕೋಳಿಯೆಲ್ಲ ಸತ್ತಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹಾಗಾಗಿ ಯಾವ ಕೋಳಿ ಕತ್ತು ತಗ್ಗಿಸಿದರೂ ಅವರಿಗೆ ಮೊದಲು ಅದೇ ನೆನಪು. ಬುಟ್ಟಿ ತಂದು ಕೆಂಪಿಯನ್ನು ಬೇರೆ ಮುಚ್ಚಿದೆ. ಆ ಬುದ್ಧಿ ಹೇಳಿದ್ದಕ್ಕೆ ಅಜ್ಜಿಗೆ ನಾನು ಋಣಿ. ಬೇರೆ ಮುಚ್ಚಿದ್ದಕ್ಕೇ ಅವಳು ಹಿಕ್ಕೆ ಹಾಕುತ್ತಿದ್ದಾಳೋ ಇಲ್ಲವೋ ಅಂತ ಗೊತ್ತಾಯಿತು. ಹಾಕುತ್ತಿರಲಿಲ್ಲ. ಬರೀ ನೀರು, ಸ್ವಲ್ಪ ಹಸಿರು.

ನಮ್ಮ ಭಾವ ಮಧ್ಯಾಹ್ನ ತೋಟದಿಂದ ಬಂದು ಬುಟ್ಟಿ ಎತ್ತಿ ನೋಡಿದರು. "ಇವತ್ತೇ ಕೊಯ್ದ್ರೆ ಸಾರಿಗಾದ್ರೂ ಆಗುತ್ತೆ. ನಾಳೆ ಸತ್ರೆ ಮಣ್ಣಿಗೆ" ಅಂದರು. ಭಾವ ಒಳ್ಳೆಯವರು. ನನ್ನ ಬಾಣಂತನಕ್ಕೆ ಹೊಸದುರ್ಗದವರೆಗೆ ಕೊಬ್ಬರಿ, ಬೆಲ್ಲ ಹೊತ್ತು ತಂದುಕೊಟ್ಟವರು. ಆದರೆ ಬೆಲೆ ಕಟ್ಟದೆ ಅವರು ಯಾವ ಮಾತನ್ನೂ ಮುಗಿಸುವುದಿಲ್ಲ. ನಾವೂ ಕೋಳಿ ತಿನ್ನುವ ಮನೆಯವರೇ. ಅದರಲ್ಲಿ ನನಗೆ ನಾಚಿಕೆಯಿಲ್ಲ. ಆದರೂ ನೋವಿನಲ್ಲಿರುವ ಪ್ರಾಣಿಯ ಮುಂದೆ ನಿಂತು ಸಾರಿನ ಲೆಕ್ಕ ಹಾಕುವುದು ನನ್ನ ಕೈಲಿ ಆಗುವುದಿಲ್ಲ. "ಇಲ್ಲ ಭಾವ, ಇದು ಬೇಡ" ಅಂದೆ. ಅಷ್ಟು ನೇರವಾಗಿ ಅವರಿಗೆ ನಾನು ಉತ್ತರ ಕೊಟ್ಟಿದ್ದು ಅದೇ ಮೊದಲು.

ರಾತ್ರಿ ಇವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಕೋಳಿಯ ಕಾಲು ಹಿಡಿದು ತಲೆಕೆಳಗು ಮಾಡಿ, ಚೀಲ ಹಿಂಡಿ, ಒಳಗಿರುವುದನ್ನು ಬಾಯಿಂದ ಕಕ್ಕಿಸುವುದು. ನೋಡಲು ಸುಲಭವಾಗಿತ್ತು. ಇವರು ಕಾಲು ಹಿಡಿದುಕೊಂಡೂ ಆಗಿತ್ತು. ಕೆಂಪಿ ಕಣ್ಣು ಮುಚ್ಚಿಬಿಟ್ಟಳು. ಏಕೋ ಮನಸ್ಸು ಒಪ್ಪಲಿಲ್ಲ. "ಬೇಡ, ಬಿಡಿ" ಅಂದೆ. ಮಾರನೇ ದಿನ ಡಾಕ್ಟ್ರಿಗೆ ಹೇಳಿದರೆ, "ಬಿಟ್ರಲ್ಲ, ಒಳ್ಳೇದಾಯ್ತು" ಅಂದರು. ಹಾಗೆ ಕಕ್ಕಿಸುವಾಗ ಚೀಲದ ನೀರು ಉಸಿರಿನ ಕೊಳವೆಗೆ ನುಗ್ಗಿದರೆ ಕೋಳಿ ಕೈಯಲ್ಲೇ ಸಾಯುತ್ತದಂತೆ. ಮನೆಯಲ್ಲಿ ಕೋಳಿ ಸಾಕುವವರು ಈ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮಂಗಳವಾರ ಪಶು ಆಸ್ಪತ್ರೆಗೆ ಹೋದೆ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಕೆಳಗೆ ಹಳೇ ಪಂಚೆ ಹಾಸಿ, ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೋಗಿದ್ದು. ಕೋಳಿ ಮೈ ನಮ್ಮದಕ್ಕಿಂತ ಬಿಸಿ, 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆ ಬಿಸಿ ರಟ್ಟನ್ನು ದಾಟಿ ನನ್ನ ತೊಡೆಗೆ ತಾಗುತ್ತಿತ್ತು. ಆಸ್ಪತ್ರೆಯಲ್ಲಿ ಹಸು ಹೊಡೆದುಕೊಂಡು ಬಂದಿದ್ದ ಒಬ್ಬರು ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, "ಕೋಳಿಗೂ ಡಾಕ್ಟ್ರಾ!" ಅಂತ ನಕ್ಕರು. ನಾನು ಉತ್ತರ ಕೊಡಲಿಲ್ಲ. ಅವರ ಹಸು ಜ್ವರದಿಂದ ನಡುಗುತ್ತಿತ್ತು. ಅವರು ಅದರ ಕಿವಿಯನ್ನು ಸವರುತ್ತಲೇ ನಿಂತಿದ್ದರು.

ಡಾಕ್ಟ್ರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಜಾಸ್ತಿ ಮಾತಿಲ್ಲ. ಕೆಂಪಿಯನ್ನು ಕಂಕುಳಲ್ಲಿ ಅವಚಿಕೊಂಡು ಬಾಯಿ ಬಿಡಿಸಿ ಮೂಸಿ ನೋಡಿದರು. ಹುಳಿ ವಾಸನೆ ಬಂದು ಚೀಲ ನೀರು ತುಂಬಿದ ಬಲೂನಿನ ಹಾಗಿದ್ದರೆ ಅದು ಬೂಷ್ಟಿನ ಕಾಟವಂತೆ, ಅದಕ್ಕೆ ಔಷಧಿ ಬೇರೆ. ಇವಳದು ಗಟ್ಟಿ. ಉಸಿರು, ಕತ್ತು, ಕಾಲು ಎಲ್ಲ ನೋಡಿ ಕೊಕ್ಕರೆ ರೋಗ ಕಾಣುತ್ತಿಲ್ಲ ಅಂದರು. ಆಮೇಲೆ ಬೆರಳನ್ನು ಆ ಉಂಡೆಯ ಮೇಲಿಟ್ಟು ಕೇಳಿದರು.

"ಬೆಳಿಗ್ಗೆ ಹೊತ್ತು ಮುಟ್ಟಿ ನೋಡಿದ್ರಾ? ಖಾಲಿ ಇರ್ತಿತ್ತಾ?"

"ಗೊತ್ತಿಲ್ಲ ಮೇಡಂ. ಸಂಜೆ ಮಾತ್ರ ಚೆನ್ನಾಗಿ ತುಂಬಿರ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ. "ಕಲ್ಲು ಎಲ್ಲಿ ಸಿಗುತ್ತೆ ಇದಕ್ಕೆ?" ಅಂತ ಇನ್ನೊಂದು ಪ್ರಶ್ನೆ ಕೇಳಿದರು. ಆಗ ನೆನಪಾಯಿತು. ಹೋದ ವರ್ಷ ಅಂಗಳಕ್ಕೂ ಹಿತ್ತಲಿಗೂ ಸಿಮೆಂಟ್ ಹಾಕಿಸಿದೆವು. ಕೆಸರಾಗಬಾರದು ಅಂತ ಹಠ ಮಾಡಿ ಹಾಕಿಸಿದವಳು ನಾನೇ. ಕೆದಕಲು ಮಣ್ಣಿಲ್ಲ, ಹೆಕ್ಕಲು ಕಲ್ಲಿಲ್ಲ. ಮಣ್ಣಿಲ್ಲದ ಮೇಲೆ ಹುಲ್ಲೂ ಇಲ್ಲ ಅಂತ ನಾನೇ ತೋಟದ ಬದುವಿನಿಂದ ಉದ್ದುದ್ದ ಹುಲ್ಲು ಕಿತ್ತು ತಂದು ಕಂತೆ ಕಂತೆ ಹಾಕುತ್ತಿದ್ದೆ. ನೆಲದಲ್ಲಿ ಬೇರೂರಿದ ಹುಲ್ಲನ್ನು ಕೋಳಿ ಎಳೆದು ತುಂಡು ಮಾಡಿ ತಿನ್ನುತ್ತದೆ. ಕಿತ್ತು ಹಾಕಿದ್ದನ್ನು ಹಾಗೇ ಶಾವಿಗೆಯಂತೆ ಉದ್ದಕ್ಕೆ ನುಂಗುತ್ತದೆ. ಒಳಗೆ ಅದು ಒಂದಕ್ಕೊಂದು ಸುತ್ತಿಕೊಳ್ಳುತ್ತದೆ.

ಅವತ್ತು ಸ್ವಲ್ಪ ಎಣ್ಣೆ ಕುಡಿಸಿ, ಚೀಲವನ್ನು ಮೆತ್ತಗೆ ನೀವಿ ನೋಡಲು ಹೇಳಿ ಕಳಿಸಿದರು. ಮೇವು ಬೇಡ, ನೀರು ಮಾತ್ರ. ಎಣ್ಣೆಯನ್ನು ನಾಲಿಗೆಯ ನಡುವಿಗೆ ಬಿಡಬಾರದು, ಉಸಿರಿನ ದಾರಿ ಅಲ್ಲೇ ಹಿಂದೆ ಇರುತ್ತದೆ, ಕೊಕ್ಕಿನ ಪಕ್ಕದಿಂದ ಹನಿ ಹನಿಯಾಗಿ ಬಿಡಬೇಕು ಅಂತ ತೋರಿಸಿಕೊಟ್ಟರು. ತಿಪಟೂರು ಸೀಮೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ. ಎರಡು ಗಂಟೆಗೊಮ್ಮೆ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ನೀವಿದೆ. ಮಗಳು ಪಕ್ಕದಲ್ಲಿ ಕೂತು ಓದಿಕೊಳ್ಳುತ್ತಿದ್ದಳು. ಮೊದಮೊದಲು ಒದ್ದಾಡಿದ ಕೆಂಪಿ ಆಮೇಲೆ ನನ್ನ ಕೈಗೆ ಕತ್ತು ಆನಿಸಿ ಕೂತಳು. ಕೋಳಿ ಇಷ್ಟು ನಂಬುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಉಂಡೆ ಕರಗಲಿಲ್ಲ. ಬುಧವಾರ ಮತ್ತೆ ಹೋದೆವು. ಡಾಕ್ಟ್ರು ಅಲ್ಲಿ ಗರಿ ಕಿತ್ತು, ಜೋಮು ಹಿಡಿಯುವ ಸೂಜಿ ಕೊಟ್ಟು, ಚರ್ಮ ಮತ್ತು ಚೀಲವನ್ನು ಸಣ್ಣಗೆ ಕೊಯ್ದರು. ನಾನು ರೆಕ್ಕೆ ಹಿಡಿದುಕೊಂಡಿದ್ದೆ. ಚಿಮಟದಲ್ಲಿ ಎಳೆದಾಗ ಮೊದಲು ಹುಲ್ಲು ಬಂತು, ಹೆಣೆದ ಜಡೆಯ ಹಾಗೆ. ಆಮೇಲೆ ನೀಲಿ ಬಣ್ಣದ ಎಳೆಗಳು ಬಂದವು. ಒಂದಲ್ಲ, ಎರಡಲ್ಲ. ಹುಲ್ಲಿಗೆ ಸುತ್ತಿಕೊಂಡು ಬರುತ್ತಲೇ ಇದ್ದವು.

ನೋಡಿದ ತಕ್ಷಣ ಗುರುತು ಸಿಕ್ಕಿತು. ಮೊಟ್ಟೆಯಿಡುವ ಜಾಗ ಮೆತ್ತಗಿರಲಿ ಅಂತ ಹಳೇ ಪ್ಲಾಸ್ಟಿಕ್ ಗೋಣಿಯೊಂದನ್ನು ನಾನು ಗೂಡಿಗೆ ಹಾಸಿದ್ದೆ. ಅಂಚು ಬಿಚ್ಚಿಕೊಂಡಿದ್ದು ಕಂಡಿತ್ತು. ನಾಳೆ ಬದಲಾಯಿಸೋಣ ಅಂದುಕೊಂಡಿದ್ದೆ.

ಡಾಕ್ಟ್ರು ಚೀಲವನ್ನು ತೊಳೆದು, ಮೊದಲು ಚೀಲಕ್ಕೆ, ಆಮೇಲೆ ಚರ್ಮಕ್ಕೆ, ಬೇರೆ ಬೇರೆಯಾಗಿ ಹೊಲಿಗೆ ಹಾಕಿದರು. ಆ ನೀಲಿ ಎಳೆಗಳು ಟ್ರೇಯಲ್ಲಿ ಒದ್ದೆಯಾಗಿ ಬಿದ್ದಿದ್ದವು. ಹುಲ್ಲು ಹಾಕಿದ್ದು, ಗೋಣಿ ಹಾಸಿದ್ದು, ಸಿಮೆಂಟ್ ಮಾಡಿಸಿದ್ದು, ಮೂರೂ ನಾನು ಪ್ರೀತಿಯಿಂದಲೇ ಮಾಡಿದ್ದು. ನಿಜ ಹೇಳಬೇಕಂದ್ರೆ ನನ್ನನ್ನು ಜಾಸ್ತಿ ಅಲುಗಿಸಿದ್ದು ಇದು. ತಿನ್ನಲು ಹಾಕುವ ಹೊತ್ತು ನನಗೆ ಖುಷಿಯ ಹೊತ್ತು. ಅವು ಓಡಿ ಬರುತ್ತವೆ, ಕಾಲು ಸುತ್ತುತ್ತವೆ. ತಿಂದ ಮೇಲೆ ಏನಾಯಿತು ಅಂತ ನೋಡುವುದರಲ್ಲಿ ಅಂಥ ಖುಷಿ ಏನೂ ಇಲ್ಲ. ಅದಕ್ಕೇ ನೋಡಿರಲಿಲ್ಲ.

ನಾವು ಸಿಕ್ಕವರನ್ನೆಲ್ಲ ಕೇಳುವುದು "ಊಟ ಆಯ್ತಾ?" ಅಂತ ಅಲ್ವಾ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ ಅದೇ ಮಾತು. ಅದು ಒಳ್ಳೆಯ ಮಾತು, ನನಗೆ ತುಂಬ ಇಷ್ಟದ ಮಾತು. ಆದರೆ ಆಯ್ತು ಅಂದ ಮೇಲೆ ನಾವು ನಿರಾಳವಾಗಿ ಮುಂದಕ್ಕೆ ಹೋಗುತ್ತೇವೆ. ತಿಂದಿದ್ದು ಇಳಿಯಿತಾ, ರಾತ್ರಿ ಸುಖವಾಗಿ ಕಳೆಯಿತಾ ಅಂತ ಯಾರೂ ಕೇಳುವುದಿಲ್ಲ.

ಅಮ್ಮ ಹೊಸದುರ್ಗದ ಹತ್ತಿರ ಹಳ್ಳಿಯಲ್ಲಿ ಅಣ್ಣನ ಜೊತೆ ಇದ್ದಾಳೆ. ದಿನಾ ರಾತ್ರಿ ಎಂಟೂವರೆಗೆ ನಾನು ಫೋನ್ ಮಾಡುತ್ತೇನೆ. "ಊಟ ಆಯ್ತಾಮ್ಮ?" "ಆಯ್ತು ಕಣಮ್ಮ, ನಿಂದು?" "ಆಯ್ತು." ಅಪ್ಪ ಹೋದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲ. ಅದರ ಬಗ್ಗೆ ಒಳಗೊಳಗೇ ನನಗೆ ಹೆಮ್ಮೆಯೂ ಇತ್ತು.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿದೆ. ಅಮ್ಮ ಗಾಬರಿಯಾದಳು. "ಏನಾಯ್ತು? ಮಗು ಹುಷಾರಾಗಿದೆಯಾ?" ಅಂತ ಎರಡು ಸಲ ಕೇಳಿದಳು.

"ಎಲ್ಲಾ ಚೆನ್ನಾಗಿದ್ದೀವಿ. ರಾತ್ರಿ ಉಂಡಿದ್ದು ಇಳೀತಾಮ್ಮ? ನಿದ್ದೆ ಬಂತಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ದೂರದಲ್ಲಿ ಅಣ್ಣನ ಮನೆಯ ಹುಂಜ ಕೂಗುವುದು ಕೇಳುತ್ತಿತ್ತು.

"ರಾತ್ರಿ ಊಟ ಬಿಟ್ಟು ಎರಡು ತಿಂಗಳಾಯ್ತು ಕಣೇ. ಉಂಡ್ರೆ ಇಲ್ಲೇ ಎದೇಲೇ ನಿಲ್ಲುತ್ತೆ. ಮಲಗಕ್ಕೆ ಆಗಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ಕೂತೇ ಇರ್ತೀನಿ."

"ದಿನಾ ಆಯ್ತು ಅಂತಿದ್ಯಲ್ಲಮ್ಮ?"

"ನೀನು ಕೇಳ್ತಿದ್ದೆ. ಆಯ್ತು ಅಂತಿದ್ದೆ. ಕೆಲಸದಿಂದ ಬಂದು ಸುಸ್ತಾಗಿರ್ತೀಯ."

ಅಣ್ಣ ಅತ್ತಿಗೆ ಮೇಲೆ ಆ ಕ್ಷಣ ಕೋಪ ಬಂತು. ಒಂದೇ ಮನೆಯಲ್ಲಿದ್ದು ನೋಡಿಲ್ಲವಲ್ಲ ಅಂತ. ಆಮೇಲೆ ಯೋಚಿಸಿದೆ. ಅತ್ತಿಗೆ ಎಲ್ಲರಿಗೂ ಬಡಿಸಿ, ಅಮ್ಮನ ತಟ್ಟೆಯನ್ನು ಅವಳ ಕೋಣೆಗೇ ಕೊಟ್ಟು ಬರುತ್ತಾಳೆ. ಬೆಳಿಗ್ಗೆ ತಟ್ಟೆ ತೊಳೆದು ಇಟ್ಟಿರುತ್ತದೆ. ಅದರಲ್ಲಿದ್ದ ಮುದ್ದೆಯನ್ನು ಅಮ್ಮ ಕರುವಿಗೆ ಹಾಕುತ್ತಿದ್ದಳಂತೆ. ಖಾಲಿ ತಟ್ಟೆ ನೋಡಿದವರು ಇನ್ನೇನು ತಿಳಿಯಬೇಕು? ತುಂಬಿದ ಚೀಲ ನೋಡಿ ನಾನು ತಿಳಿದಿದ್ದೂ ಅದೇ ತಾನೇ.

ಅಣ್ಣ ನಾಳೆ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದಾನೆ. ಸೋಮವಾರ ಡಾಕ್ಟ್ರಿಗೆ ತೋರಿಸುತ್ತೇವೆ. ಏನೆಂದು ಈಗಲೇ ಊಹಿಸಿ ಹೆದರುವುದು ಬೇಡ ಅಂತ ಇವರು ಹೇಳುತ್ತಿದ್ದಾರೆ. ಹೆದರಿಕೆಯಂತೂ ಇದೆ.

ಕೆಂಪಿ ಇನ್ನೂ ಬುಟ್ಟಿಯಲ್ಲೇ ಇದ್ದಾಳೆ. ದಿನಕ್ಕೆ ನಾಲ್ಕೈದು ಸಲ, ಎರಡೆರಡು ಚಮಚ ತೆಳ್ಳಗಿನ ರಾಗಿ ಗಂಜಿ. ಔಷಧಿ ನಡೆಯುತ್ತಿರುವುದರಿಂದ ಮೊಟ್ಟೆಯಿಟ್ಟರೂ ಡಾಕ್ಟ್ರು ಹೇಳುವ ತನಕ ತಿನ್ನುವ ಹಾಗಿಲ್ಲ. ಸದ್ಯಕ್ಕೆ ಇಡುತ್ತಲೂ ಇಲ್ಲ. ಗೋಣಿ ತೆಗೆದು ಭತ್ತದ ಹೊಟ್ಟು ಹಾಕಿದ್ದೇನೆ. ಇವರು ಮತ್ತು ಭಾವ ಸೇರಿ ಹಿತ್ತಲ ಮೂಲೆಯಲ್ಲಿ ಮಂಚದಷ್ಟು ಅಗಲ ಸಿಮೆಂಟ್ ಒಡೆದರು. ಭಾವನೇ ತೋಟದಿಂದ ಒಂದು ಮಂಕರಿ ದಪ್ಪ ಮರಳು, ಸಣ್ಣ ಕಲ್ಲು ತಂದು ಸುರಿದರು. ಅದಕ್ಕೆಷ್ಟಾಯಿತು ಅಂತ ಅವರು ಹೇಳಲಿಲ್ಲ. ಉಳಿದ ಮೂರು ಕೋಳಿಗಳು ನಿನ್ನೆಯಿಂದ ಅಲ್ಲೇ ಇವೆ, ಕೆದಕುತ್ತಾ.

ಇವತ್ತು ಬೆಳಿಗ್ಗೆ ಅಮ್ಮನೇ ಫೋನ್ ಮಾಡಿದಳು. ಬಟ್ಟೆ ಕಟ್ಟಿಕೊಂಡಿದ್ದಾಳಂತೆ. "ನಿನ್ನ ಕೋಳಿ ಹೇಗಿದೆ?" ಅಂತ ಕೇಳಿದಳು.

"ತಡಿ, ನೋಡಿ ಹೇಳ್ತೀನಿ" ಅಂತ ಹಿತ್ತಲಿಗೆ ಹೋಗಿ ಬುಟ್ಟಿ ಎತ್ತಿದೆ. ಹೊಲಿಗೆಗೆ ತಾಗದ ಹಾಗೆ ಎರಡು ಬೆರಳು ಇಟ್ಟು ನೋಡಿದೆ. ಮೆತ್ತಗೆ, ಸಡಿಲವಾಗಿ, ಬಿಸಿಯಾಗಿ ಇತ್ತು.

"ಇಳಿದಿದೆಯಮ್ಮ" ಅಂದೆ.